ಕ್ಷಯವೋ, ಕ್ರೋನ್ಸೋ: ತುಮಕೂರು ಜಿಲ್ಲೆಯ ಟೆಂಪೊ ಚಾಲಕನೊಬ್ಬನ ಪ್ರಕರಣ

ನಾನು ತುಮಕೂರಿನಲ್ಲಿ ಫಿಸಿಶಿಯನ್. ಕರುಳಿನ ಕ್ಷಯವೋ, ಕ್ರೋನ್ಸ್ ಅನ್ನುವ ಕರುಳಿನ ದೀರ್ಘಕಾಲದ ಉರಿಯೂತದ ಕಾಯಿಲೆಯೋ ಅಂತ ಗೊಂದಲ ಆದ ಈ ಪ್ರಕರಣವನ್ನು ಒಬ್ಬ ಗ್ಯಾಸ್ಟ್ರೊ (ಹೊಟ್ಟೆ, ಕರುಳಿನ) ತಜ್ಞರ ಜೊತೆ ಸೇರಿ ನೋಡಿದ್ದು. ರೋಗಿಯ ಊರು, ಮನೆಯವರ ಬಗೆಗಿನ ಕೆಲವು ವಿವರ ಬದಲಾಯಿಸಿದ್ದೇನೆ. ಬರೆಯುವುದಕ್ಕೆ ಆತನ ಒಪ್ಪಿಗೆ ಇದೆ.

ಹಿನ್ನೆಲೆ

26 ವರ್ಷದ ಯುವಕ. ತಿಪಟೂರು ಕಡೆ ತೆಂಗಿನಕಾಯಿ, ಕೊಬ್ಬರಿ ಸಾಗಿಸುವ ಟೆಂಪೊ ಓಡಿಸುತ್ತಾನೆ. ಮನೆಯಲ್ಲಿ ತಾಯಿ, ಅಕ್ಕ, ಭಾವ. ತಾತ ಇದೇ ಮನೆಯಲ್ಲಿ ಶ್ವಾಸಕೋಶದ ಕ್ಷಯದಿಂದ ತೀರಿಕೊಂಡಿದ್ದರು. ಆಗ ಈತ ಚಿಕ್ಕ ಹುಡುಗ, ತಾತನ ಪಕ್ಕದಲ್ಲೇ ಮಲಗುತ್ತಿದ್ದವನು. ದಿನಕ್ಕೆ ಒಂದು ಕಟ್ಟು ಬೀಡಿ ಬೇಕು. ಬೆನ್ನು ನೋವಿಗೆ ಡೈಕ್ಲೊಫೆನಾಕ್ ಮಾತ್ರೆ ಜೇಬಿನಲ್ಲೇ ಇರುತ್ತಿತ್ತು.

ನನ್ನ ಹತ್ತಿರ ಬರುವ ಹೊತ್ತಿಗೆ ತೊಂದರೆ ಶುರುವಾಗಿ ವರ್ಷದ ಮೇಲಾಗಿತ್ತು. ಊಟ ಆದ ಸ್ವಲ್ಪ ಹೊತ್ತಿಗೆ ಹೊಟ್ಟೆಯ ಬಲಗಡೆ ಕೆಳಗೆ ಹಿಂಡಿದ ಹಾಗೆ ನೋವು. ದಿನಕ್ಕೆ ಮೂರು ನಾಲ್ಕು ಸಲ ತೆಳ್ಳಗೆ ಭೇದಿ, ಆದರೆ ರಕ್ತ ಇಲ್ಲ. ಸಂಜೆಯಾದರೆ ಮೈ ಬೆಚ್ಚಗೆ. 59 ಕೆಜಿ ಇದ್ದವನು 48ಕ್ಕೆ ಇಳಿದಿದ್ದ. ಮೊದಲು ಗ್ಯಾಸ್ ಮಾತ್ರೆ, ಆಮೇಲೆ ಜಂತುಹುಳದ ಮಾತ್ರೆ, ಆಮೇಲೆ ಭೇದಿಗೆ ಕೊಡುವ ಮೆಟ್ರೊನಿಡಜೋಲ್ ಕೋರ್ಸ್ ಮೇಲೆ ಕೋರ್ಸ್ ಆಗಿತ್ತು. ಒಂದು ಕಡೆ ಅಪೆಂಡಿಕ್ಸ್ ಅಂದರು. ಆಪರೇಷನ್‌ಗೆ ದುಡ್ಡು ಹೊಂದಿಸುವಷ್ಟರಲ್ಲಿ ನೋವೇ ಇಳಿದುಹೋಯಿತಂತೆ.

ತೂಕ ಇಳಿದದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಕೇಳಿದ ಮೇಲೆ ಹೇಳಿದ. "ದಾರೀಲಿ ಹೊಟ್ಟೆ ಕೆಟ್ರೆ ಲೋಡ್ ಗಾಡಿ ಎಲ್ಲಿ ನಿಲ್ಸೋದು ಸಾರ್? ಅದ್ಕೇ ಡ್ಯೂಟಿ ದಿನ ಏನೂ ತಿನ್ನಲ್ಲ." ವಾರದಲ್ಲಿ ಐದಾರು ದಿನ ಡ್ಯೂಟಿ. ಅಂದರೆ ಕಾಯಿಲೆ ಒಂದು ಕಡೆ ತೂಕ ಇಳಿಸುತ್ತಿತ್ತು, ಹೆದರಿಕೆ ಇನ್ನೊಂದು ಕಡೆ.

ಸಮಸ್ಯೆ ಎಲ್ಲಿತ್ತು

ಹಿಮೋಗ್ಲೋಬಿನ್ 9.4. ಉರಿಯೂತ ಇದೆಯಾ ಅಂತ ತೋರಿಸುವ ಸಿಆರ್‌ಪಿ, ಇಎಸ್‌ಆರ್ ಎರಡೂ ಜಾಸ್ತಿ. ಎದೆಯ ಎಕ್ಸ್-ರೇ ಶುದ್ಧವಾಗಿತ್ತು. ಎಚ್‌ಐವಿ ಇಲ್ಲ. ಕ್ಷಯದ ರೋಗಾಣು ಎಂದಾದರೂ ಮೈ ಸೇರಿದೆಯಾ ಅಂತ ಚರ್ಮದಲ್ಲಿ ನೋಡುವ ಮಾಂಟೂ ಪರೀಕ್ಷೆ ಪಾಸಿಟಿವ್. ಸಿಟಿ ಸ್ಕ್ಯಾನ್‌ನಲ್ಲಿ ಸಣ್ಣ ಕರುಳು ದೊಡ್ಡ ಕರುಳಿಗೆ ಸೇರುವ ಜಾಗ ದಪ್ಪವಾಗಿತ್ತು, ಪಕ್ಕದಲ್ಲಿ ಒಂದೆರಡು ಗಂಟು. ಪೈಪ್ ಹಾಕಿ ಕರುಳಿನ ಒಳಗೆ ನೋಡುವ ಕೊಲೊನೊಸ್ಕೋಪಿಯಲ್ಲಿ ಅದೇ ಜಾಗದಲ್ಲಿ ಹುಣ್ಣುಗಳು ಕಂಡವು. ಅಲ್ಲಿಂದ ತೆಗೆದ ಚೂರಿನ ಪರೀಕ್ಷೆಯಲ್ಲಿ (ಬಯಾಪ್ಸಿ) ಗ್ರಾನ್ಯುಲೋಮಾ, ಅಂದರೆ ರೋಗನಿರೋಧಕ ಕೋಶಗಳ ಗುಂಪು ಇತ್ತು, ಆದರೆ ಕ್ಷಯದಲ್ಲಿ ಕಾಣುವ ಕೊಳೆತ ನಡುಭಾಗ ಇರಲಿಲ್ಲ. ಕ್ಷಯದ ರೋಗಾಣುವಿನ ಜೀನ್ ಹುಡುಕುವ ಜೀನ್‌ಎಕ್ಸ್‌ಪರ್ಟ್ ಪರೀಕ್ಷೆ ನೆಗೆಟಿವ್. ಕ್ಷಯ ಇರಬಹುದು, ಕ್ರೋನ್ಸ್ ಇರಬಹುದು, ರೋಗಿಯ ಲಕ್ಷಣಗಳ ಜೊತೆ ಹೊಂದಿಸಿ ನೋಡಿ ಅಂತ ವರದಿ ಬಂತು. ಪೆಥಾಲಜಿಯವರು ಚೆಂಡನ್ನು ನಮ್ಮ ಕಡೆಗೇ ತಳ್ಳಿದರು. ಅವರದೇನೂ ತಪ್ಪಿಲ್ಲ ಬಿಡಿ, ಇಷ್ಟು ಚೂರು ಮಾಂಸದಲ್ಲಿ ಇದಕ್ಕಿಂತ ಜಾಸ್ತಿ ಹೇಳೋಕೆ ಆಗಲ್ಲ.

ಈ ಗೊಂದಲ ನಮ್ಮ ದೇಶದಲ್ಲಿ ದಿನನಿತ್ಯದ್ದು. ಕರುಳಿನ ಕ್ಷಯಕ್ಕೂ ಕ್ರೋನ್ಸ್ ಕಾಯಿಲೆಗೂ ಇಷ್ಟದ ಜಾಗ ಒಂದೇ. ನೋವು, ಜ್ವರ, ತೂಕ ಇಳಿಯುವುದು, ಹುಣ್ಣು, ಗ್ರಾನ್ಯುಲೋಮಾ ಎಲ್ಲವೂ ಎರಡರಲ್ಲೂ ಬರುತ್ತವೆ. ಶ್ವಾಸಕೋಶದ ಕಫದಲ್ಲಿ ಕ್ಷಯದ ರೋಗಾಣು ಸುಲಭವಾಗಿ ಸಿಗುತ್ತದೆ. ಕರುಳಿನ ತುಣುಕಿನಲ್ಲಿ ಅದು ತೀರಾ ಕಡಿಮೆ ಇರುತ್ತದೆ. ಅದಕ್ಕೇ ಜೀನ್‌ಎಕ್ಸ್‌ಪರ್ಟ್ ನೆಗೆಟಿವ್ ಬಂದ ಮಾತ್ರಕ್ಕೆ ಕ್ಷಯ ಇಲ್ಲ ಅಂತ ಹೇಳುವ ಹಾಗಿಲ್ಲ.

ಕಾಯಿಲೆ ಮಾತ್ರ ಪೂರ್ತಿ ಬೇರೆ. ಕ್ಷಯದಲ್ಲಿ ಹೊರಗಿನಿಂದ ಬಂದ ರೋಗಾಣುವಿನ ಮೇಲೆ ರೋಗನಿರೋಧಕ ಶಕ್ತಿ ಹೋರಾಡುತ್ತದೆ. ಕ್ರೋನ್ಸ್‌ನಲ್ಲಿ ಅದು ನಮ್ಮ ಕರುಳಲ್ಲೇ ಬಾಳುವ ಬ್ಯಾಕ್ಟೀರಿಯಾಗಳ ಮೇಲೆ ತಿರುಗಿಬೀಳುತ್ತದೆ. 2016ರ ಒಂದು ಪ್ರಸಿದ್ಧ ಲೆಕ್ಕದ ಪ್ರಕಾರ 70 ಕೆಜಿ ತೂಕದ ಮನುಷ್ಯನಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಇವೆ, ಮೈಯ ಸ್ವಂತ ಜೀವಕೋಶಗಳು ಸುಮಾರು 30 ಲಕ್ಷ ಕೋಟಿ. ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ದೊಡ್ಡ ಕರುಳಿನಲ್ಲೇ ಇರುತ್ತವೆ. ಅವಕ್ಕೂ ರಕ್ತಕ್ಕೂ ನಡುವೆ ಇರುವುದು ಒಂದು ಲೋಳೆ ಪದರ, ಅದರ ಕೆಳಗೆ ಒಂದೇ ಸಾಲು ಜೀವಕೋಶ. ಲೋಳೆಯಲ್ಲಿ ಐಜಿಎ ಅನ್ನುವ ಪ್ರತಿಕಾಯ ಕಾವಲಿಗಿರುತ್ತದೆ. ಒಳಗೆ ನಿಯಂತ್ರಕ ಟಿ ಕೋಶಗಳು ಉಳಿದ ಕೋಶಗಳನ್ನು ಸುಮ್ಮನಿರಿಸುತ್ತವೆ. ಈ ಕೋಶಗಳ ಮೇಲಿನ ಸಂಶೋಧನೆಗೇ 2025ರ ವೈದ್ಯಕೀಯ ನೊಬೆಲ್ ಸಿಕ್ಕಿದ್ದು. ಈ ಏರ್ಪಾಡು ಎಲ್ಲೋ ಕೈಕೊಟ್ಟಾಗ ಕ್ರೋನ್ಸ್, ಅಲ್ಸರೇಟಿವ್ ಕೊಲೈಟಿಸ್‌ನಂಥ ಕಾಯಿಲೆ ಶುರುವಾಗುತ್ತದೆ. ಎಲ್ಲಿ ಕೈಕೊಡುತ್ತದೆ ಅನ್ನುವುದು ಒಬ್ಬೊಬ್ಬರಲ್ಲಿ ಒಂದೊಂದು ಥರ.

ಔಷಧಿ ಕೂಡ ಒಂದಕ್ಕೊಂದು ವಿರುದ್ಧ. ಕ್ರೋನ್ಸ್‌ಗೆ ಸ್ಟೆರಾಯ್ಡ್ ಕೊಟ್ಟು ರೋಗನಿರೋಧಕ ಶಕ್ತಿಯನ್ನು ತಗ್ಗಿಸಬೇಕು. ಕ್ಷಯ ಇದ್ದವರಿಗೆ ಅದನ್ನೇ ಕೊಟ್ಟರೆ ರೋಗ ಮೈಗೆಲ್ಲ ಹರಡಬಹುದು. ಕ್ರೋನ್ಸ್‌ಗೆ ಕೊಡುವ ಇನ್ನೊಂದು ಔಷಧಿ, ಟಿಎನ್‌ಎಫ್ ಅನ್ನುವ ಉರಿಯೂತದ ಪ್ರೋಟೀನ್ ತಡೆಯುವ ಇಂಜೆಕ್ಷನ್, ಅದರಲ್ಲಿ ಇನ್ನೂ ಅಪಾಯ. ಕ್ಷಯದ ರೋಗಾಣುವಿನ ಸುತ್ತ ದೇಹ ಗ್ರಾನ್ಯುಲೋಮಾ ಅನ್ನುವ ಬೇಲಿ ಕಟ್ಟಿರುತ್ತದೆ, ಆ ಬೇಲಿ ಬೀಳದ ಹಾಗೆ ಹಿಡಿದಿರುವುದೇ ಟಿಎನ್‌ಎಫ್.

ಮೊದಲ ನಿರ್ಧಾರ

ತುಮಕೂರಿನಲ್ಲಿ ಕೂತು ಕ್ಷಯವನ್ನು ಬದಿಗಿಡುವುದು ಕಷ್ಟ. ಬೆಂಗಳೂರಿನಲ್ಲಿ 1959ರಲ್ಲಿ ಶುರುವಾದ ರಾಷ್ಟ್ರೀಯ ಕ್ಷಯ ಸಂಸ್ಥೆ ತನ್ನ ಮೊದಮೊದಲ ದೊಡ್ಡ ಸಮೀಕ್ಷೆಗೆ ಆರಿಸಿಕೊಂಡದ್ದು ಇದೇ ಜಿಲ್ಲೆಯ ಹಳ್ಳಿಗಳನ್ನು. ಈತನ ಮನೆಯಲ್ಲೇ ಕ್ಷಯ ಇತ್ತು. ಮಾಂಟೂ ಪಾಸಿಟಿವ್. ಆದ್ದರಿಂದ ಮೊದಲು ಕ್ಷಯದ ಔಷಧಿ ಅಂತ ತೀರ್ಮಾನ ಆಯಿತು. ಇಂಥ ಸಂದರ್ಭದಲ್ಲಿ ನಮ್ಮಲ್ಲಿ ಸಾಮಾನ್ಯವಾಗಿ ಹಿಡಿಯುವ ದಾರಿಯೇ ಇದು.

ಆದರೆ ಅನುಮಾನದ ಮೇಲೆ ಕೊಡುವ ಕ್ಷಯದ ಔಷಧಿ ಚಿಕಿತ್ಸೆಯೂ ಹೌದು, ಪರೀಕ್ಷೆಯೂ ಹೌದು. ಫಲಿತಾಂಶ ನೋಡುವ ದಿನ ಗೊತ್ತಿಲ್ಲದ ಪರೀಕ್ಷೆ ಪರೀಕ್ಷೆಯೇ ಅಲ್ಲ. ಅದಕ್ಕೇ ಔಷಧಿ ಶುರು ಮಾಡಿದ ದಿನವೇ ಮತ್ತೆ ಕೊಲೊನೊಸ್ಕೋಪಿ ಮಾಡುವ ತಾರೀಕನ್ನು ಫೈಲಿನ ಮೇಲೆ ಬರೆದೆವು, ಮೂರು ತಿಂಗಳ ಒಳಗೆ ಬರುವ ಹಾಗೆ. ಬಯಾಪ್ಸಿಯ ಒಂದು ತುಣುಕನ್ನು ಮೊದಲೇ ಕಲ್ಚರ್‌ಗೆ, ಅಂದರೆ ರೋಗಾಣು ಬೆಳೆಯುತ್ತದಾ ಅಂತ ನೋಡುವ ಪರೀಕ್ಷೆಗೆ ಕಳಿಸಿಯಾಗಿತ್ತು. ದ್ರವ ಮಾಧ್ಯಮದ ಕಲ್ಚರ್ ನೆಗೆಟಿವ್ ಅಂತ ಹೇಳೋಕೆ ಆರು ವಾರ ಬೇಕು. ಮೊದಲೇ ಕಳಿಸಲು ಮರೆತರೆ ಆ ಮಾಹಿತಿ ಮತ್ತೆ ಸಿಗುವುದಿಲ್ಲ, ಯಾಕೆಂದರೆ ಔಷಧಿ ಶುರುವಾದ ಮೇಲೆ ತೆಗೆದ ತುಣುಕಿಗೆ ಆ ಬೆಲೆ ಇರುವುದಿಲ್ಲ. ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಎಷ್ಟಿದೆ ಅಂತಲೂ ನೋಡಿದೆವು. ಇದು ಬಿಳಿ ರಕ್ತಕಣಗಳಿಂದ ಬರುವ ಪ್ರೋಟೀನ್. ಕರುಳಲ್ಲಿ ಉರಿಯೂತ ಇದ್ದರೆ ಏರುತ್ತದೆ. ಗ್ರಾಂಗೆ 50 ಮೈಕ್ರೊಗ್ರಾಂ ಒಳಗಿದ್ದರೆ ಸಾಮಾನ್ಯ, ಈತನದು ಸಾವಿರದ ಮೇಲಿತ್ತು. ಕ್ಷಯವೋ ಕ್ರೋನ್ಸೋ ಅಂತ ಇದು ಹೇಳುವುದಿಲ್ಲ. ಮುಂದೆ ಹೋಲಿಸಿ ನೋಡೋಕೆ ಮಾತ್ರ.

ಸರ್ಕಾರಿ ಕಾರ್ಯಕ್ರಮದಲ್ಲಿ ನೋಂದಣಿ ಆಯಿತು. 48 ಕೆಜಿಗೆ ದಿನಕ್ಕೆ ಮೂರು ಮಾತ್ರೆ. ಕ್ಷಯ ರೋಗಿಗಳ ಪೌಷ್ಟಿಕ ಊಟಕ್ಕೆ ಸರ್ಕಾರ ಕೊಡುವ ನಿಕ್ಷಯ್ ಪೋಷಣ್ ಹಣ 2024ರ ನವೆಂಬರ್‌ನಿಂದ ತಿಂಗಳಿಗೆ 1,000 ರೂಪಾಯಿ ಆಗಿದೆ. ತಾಯಿ ಅದರಲ್ಲಿ ಮೊಟ್ಟೆ ತಂದು ದಿನವೂ ತಿನ್ನಿಸಿದರು. ಬೀಡಿ, ಡೈಕ್ಲೊಫೆನಾಕ್ ಎರಡನ್ನೂ ನಿಲ್ಲಿಸಲು ಹೇಳಿದೆ. ನೋವಿನ ಮಾತ್ರೆ ಬಿಟ್ಟ, ಬೀಡಿ ಬಿಡಲಿಲ್ಲ.

ಊರಲ್ಲಿ ಸುದ್ದಿ ಹರಡಿತು. ಮನೆಯಲ್ಲೇ ಈತನ ತಟ್ಟೆ, ಲೋಟ ಬೇರೆ ಇಟ್ಟಿದ್ದರು. ಎದೆ ಶುದ್ಧವಾಗಿದ್ದು ಕ್ಷಯ ಕರುಳಲ್ಲಿ ಮಾತ್ರ ಇದ್ದರೆ ಅದು ಕೆಮ್ಮಿನಿಂದ ಹರಡುವುದಿಲ್ಲ ಅಂತ ಅಕ್ಕನನ್ನು ಕೂರಿಸಿ ಹೇಳಬೇಕಾಯಿತು. ತಟ್ಟೆ ಒಂದಾಯಿತು ಅಂತ ಆಮೇಲೆ ಆಕೆಯೇ ಬಂದು ಹೇಳಿದರು.

ಚೇತರಿಕೆ ತಂದಿಟ್ಟ ತೊಡಕು

ಆರು ವಾರಕ್ಕೆ ಜ್ವರ ಹೋಯಿತು. ಹಸಿವು ಬಂತು. ತೂಕ ಮೂರು ಕೆಜಿ ಏರಿತು. ಎಲ್ಲರಿಗೂ ಖುಷಿ. ಕ್ಷಯವೇ ಇತ್ತು, ಔಷಧಿ ಹಿಡಿಯಿತು ಅಂತ ಮನೆಯವರು ನಿರಾಳ ಆದರು. ಕಲ್ಚರ್ ವರದಿಯೂ ಬಂತು, ನೆಗೆಟಿವ್.

ಕೊಲೊನೊಸ್ಕೋಪಿ ತಾರೀಕು ಹತ್ತಿರ ಬಂದಾಗ ಆತ ತಕರಾರು ತೆಗೆದ. "ಈಗ ಚೆನ್ನಾಗಿದೀನಲ್ಲ ಸಾರ್, ಮತ್ಯಾಕೆ ಆ ಪೈಪು?" ಹಿಂದಿನ ದಿನ ಲೀಟರ್‌ಗಟ್ಟಲೆ ಆ ಉಪ್ಪುಪ್ಪು ನೀರು ಕುಡಿಯಬೇಕು, ಎರಡು ದಿನದ ಬಾಡಿಗೆ ಹೋಗುತ್ತದೆ. ಆತನ ಮಾತಲ್ಲಿ ನ್ಯಾಯ ಇತ್ತು. ಬಹಳಷ್ಟು ಪ್ರಕರಣ ದಾರಿ ತಪ್ಪುವುದು ಇಲ್ಲೇ. ರೋಗಿಗೆ ಚೆನ್ನಾಗಿದೆ, ಡಾಕ್ಟರಿಗೆ ಸಮಾಧಾನ, ಆರು ತಿಂಗಳ ಕೋರ್ಸ್ ಮುಗಿಯುತ್ತದೆ. ಆಮೇಲೆ ನೋವು ಮರಳಿ ಬಂದರೆ ಕ್ಷಯ ಮತ್ತೆ ಬಂತು ಅಂದುಕೊಂಡು ಇನ್ನೊಂದು ಕೋರ್ಸ್.

ಒತ್ತಾಯ ಮಾಡುವ ಬದಲು ಒಂದು ಒಪ್ಪಂದ ಮಾಡಿಕೊಂಡೆವು. ಮೊದಲು ಮಲ ಪರೀಕ್ಷೆ. ಕ್ಯಾಲ್‌ಪ್ರೊಟೆಕ್ಟಿನ್ ಸಾಮಾನ್ಯಕ್ಕೆ ಹತ್ತಿರ ಬಂದಿದ್ದರೆ ಪೈಪಿನ ವಿಚಾರ ಸ್ವಲ್ಪ ಮುಂದೆ ಹಾಕೋಣ. ಬಂದಿಲ್ಲ ಅಂದರೆ ತಾರೀಕಿಗೆ ಸರಿಯಾಗಿ ಮಾಡಿಸಬೇಕು. ವರದಿ ಬಂತು: ಸುಮಾರು 800. ತೂಕ ಏರಿತ್ತು, ಕರುಳಿನ ಉರಿ ಹೆಚ್ಚುಕಡಿಮೆ ಹಾಗೇ ಇತ್ತು.

ಅವತ್ತು ಜೊತೆಗೆ ಬಂದಿದ್ದ ಭಾವ, ಆತ ಹೊರಗೆ ಹೋದಾಗ ಒಂದು ಮಾತು ಹೇಳಿದರು. "ನಿಮ್ಮತ್ರ ಹೇಳಿದಾನೋ ಇಲ್ವೋ. ಎರಡು ವರ್ಷದ ಹಿಂದೆ ಕೂರೋ ಜಾಗದಲ್ಲಿ ಕುರು ಆಗಿ ಕೊಯ್ಸಿದ್ವಿ. ಈಗ್ಲೂ ಆಗಾಗ ಬಟ್ಟೆ ಒದ್ದೆ ಆಗುತ್ತೆ ಅಂತಾನೆ. ಪೈಲ್ಸ್ ಅಂತ ನಾಟಿ ಔಷಧಿ ಹಚ್ಕೋತಾನೆ." ಹೊಟ್ಟೆ ನೋವಿಗೂ ಕೂರುವ ಜಾಗಕ್ಕೂ ಸಂಬಂಧ ಇದೆ ಅಂತ ಆತನಿಗೆ ಅನ್ನಿಸಿರಲಿಲ್ಲ. ನೇರವಾಗಿ ಕೇಳಿದಾಗ ತಲೆ ತಗ್ಗಿಸಿಕೊಂಡು ಒಪ್ಪಿಕೊಂಡ. ಪರೀಕ್ಷೆಯಲ್ಲಿ ಗುದದ್ವಾರದ ಪಕ್ಕ ಫಿಸ್ಟುಲಾದ (ಒಳಗಿನಿಂದ ಚರ್ಮಕ್ಕೆ ಕೊರೆದುಕೊಂಡ ಹಾದಿ) ಸಣ್ಣ ಬಾಯಿ ಕಂಡಿತು. ಎಂಆರ್‌ಐಯಲ್ಲಿ ತೆಳುವಾದ ಒಂದು ಹಾದಿ, ಒಳಗೆ ಕೀವು ಇರಲಿಲ್ಲ. ಫಿಸ್ಟುಲಾ ಇದ್ದವರಿಗೆಲ್ಲ ಕ್ರೋನ್ಸ್ ಇರುವುದಿಲ್ಲ, ನಿಜ. ಆದರೆ ಈ ಹುಣ್ಣುಗಳ ಜೊತೆ ಅದೂ ಇದ್ದರೆ ತಕ್ಕಡಿ ಕ್ರೋನ್ಸ್ ಕಡೆ ವಾಲುತ್ತದೆ.

ಎರಡನೇ ಕೊಲೊನೊಸ್ಕೋಪಿ ತಾರೀಕಿಗೆ ಸರಿಯಾಗಿ ಆಯಿತು. ಹಳೆಯ ಹುಣ್ಣುಗಳು ಹಾಗೇ ಇದ್ದವು. ಒಂದೆರಡು ಉದ್ದುದ್ದ ಆಗಿದ್ದವು. ನಡುವೆ ಚೆನ್ನಾಗಿರುವ ಕರುಳು ಬಿಟ್ಟು ಮುಂದೆ ಹೊಸ ಸಣ್ಣ ಹುಣ್ಣುಗಳು. ಕರುಳಿನ ಕ್ಷಯ ಆಗಿದ್ದರೆ ಎರಡು ಮೂರು ತಿಂಗಳ ಔಷಧಿಗೆ ಹುಣ್ಣು ಮಾಯಬೇಕಿತ್ತು. ಔಷಧಿಗೆ ಬಗ್ಗದ ಕ್ಷಯ ಇರಬಹುದಾ? ಆ ಪ್ರಶ್ನೆಯನ್ನೂ ಕೇಳಿಕೊಂಡೆವು. ಕಲ್ಚರ್ ನೆಗೆಟಿವ್ ಇದ್ದದ್ದು, ಫಿಸ್ಟುಲಾ, ಬಿಟ್ಟು ಬಿಟ್ಟು ಬಂದ ಹುಣ್ಣು, ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ಕ್ರೋನ್ಸ್ ಅಂತ ತೀರ್ಮಾನ ಆಯಿತು.

ಹಾಗಾದರೆ ಕ್ಷಯದ ಔಷಧಿಯಲ್ಲಿ ಆತನಿಗೆ ಚೆನ್ನಾಗಿ ಅನ್ನಿಸಿದ್ದು ಯಾಕೆ? ಕ್ರೋನ್ಸ್ ತನ್ನಷ್ಟಕ್ಕೇ ಏರಿಳಿಯುವ ಕಾಯಿಲೆ. ಕರುಳನ್ನು ಕೆರಳಿಸಬಲ್ಲ ಡೈಕ್ಲೊಫೆನಾಕ್ ನಿಂತಿತ್ತು. ವಿಶ್ರಾಂತಿ ಸಿಕ್ಕಿತ್ತು, ಹೊತ್ತಿಗೆ ಸರಿಯಾಗಿ ಊಟ ಆಗುತ್ತಿತ್ತು. ಜೊತೆಗೆ ಕ್ಷಯದ ಮಾತ್ರೆಯಲ್ಲಿರುವ ರಿಫಾಂಪಿಸಿನ್ ಬರೀ ಕ್ಷಯದ ರೋಗಾಣುವನ್ನಷ್ಟೇ ಹೊಡೆಯುವ ಔಷಧಿ ಅಲ್ಲ, ಬೇರೆ ಬ್ಯಾಕ್ಟೀರಿಯಾಗಳನ್ನೂ ಹೊಡೆಯುತ್ತದೆ. ಕರುಳಿನ ಬ್ಯಾಕ್ಟೀರಿಯಾಗಳೇ ಉರಿಯೂತವನ್ನು ಕೆರಳಿಸುವ ಕಾಯಿಲೆಯಲ್ಲಿ ಅದರಿಂದ ಸ್ವಲ್ಪ ದಿನ ಹಗುರ ಆಗಿದ್ದರೆ ಆಶ್ಚರ್ಯ ಇಲ್ಲ. ಕ್ಷಯದ ಔಷಧಿಯಲ್ಲಿ ಹಗುರ ಆಯಿತು ಅನ್ನುವ ಕ್ರೋನ್ಸ್ ರೋಗಿಗಳು ಕಮ್ಮಿ ಏನಿಲ್ಲ. ಹುಣ್ಣು ಮಾಯುವುದು ಮಾತ್ರ ಅಪರೂಪ. ಅದಕ್ಕೇ ರೋಗಿಯ ಮಾತಿಗಿಂತ ಕರುಳಿನ ಒಳಪದರವನ್ನು ನೋಡಿ ತೀರ್ಮಾನಿಸಬೇಕು ಅನ್ನುವುದು.

ಔಷಧಿ ಬದಲಾದದ್ದು

ಕ್ಷಯದ ಔಷಧಿ ಮೂರು ತಿಂಗಳು ತುಂಬುವವರೆಗೆ ನಡೆಸಿ ನಿಲ್ಲಿಸಿದೆವು. ಇದಕ್ಕೆ ಲೆಕ್ಕ ಇತ್ತು. ಮೈಯಲ್ಲಿ ಅಡಗಿ ಕೂತ ಕ್ಷಯಕ್ಕೆ ಐಸೊನಿಯಾಜಿಡ್, ರಿಫಾಂಪಿಸಿನ್ (ಎರಡೂ ಆತನ ಕ್ಷಯದ ಮಾತ್ರೆಯಲ್ಲೇ ಇದ್ದವು) ಸೇರಿಸಿ ಮೂರು ತಿಂಗಳು ಕೊಡುವುದು ಒಪ್ಪಿತವಾದ ಕ್ರಮ. ಮನೆಯಲ್ಲಿ ಕ್ಷಯ ಇದ್ದು, ಮಾಂಟೂ ಪಾಸಿಟಿವ್ ಇದ್ದು, ಮುಂದೆ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ತೆಗೆದುಕೊಳ್ಳುವವನಿಗೆ ಅಷ್ಟು ಬೇಕೇ ಬೇಕಿತ್ತು. ಹಾಗಾಗಿ ಮೂರು ತಿಂಗಳು ದಂಡ ಆಗಲಿಲ್ಲ. ರೋಗನಿರ್ಣಯ ಬದಲಾದದ್ದನ್ನು ಕ್ಷಯ ವಿಭಾಗಕ್ಕೆ ಬರೆದು ತಿಳಿಸಿದೆವು.

ಸ್ಟೆರಾಯ್ಡ್ ಶುರು ಮಾಡುವ ಮುಂಚೆ ಎರಡು ವಾರ ಬಿಟ್ಟೆವು. ರಿಫಾಂಪಿಸಿನ್ ಲಿವರ್‌ನ ಕಿಣ್ವಗಳನ್ನು ಚುರುಕು ಮಾಡಿ ಪ್ರೆಡ್ನಿಸೊಲೋನ್ ಅನ್ನುವ ಸ್ಟೆರಾಯ್ಡ್ ಬೇಗ ಕರಗುವ ಹಾಗೆ ಮಾಡುತ್ತದೆ. ಅದು ಮೈಯಲ್ಲಿ ಇರುವಾಗಲೇ ಶುರು ಮಾಡಿದರೆ ಸ್ಟೆರಾಯ್ಡ್ ಕೆಲಸ ಮಾಡುತ್ತಿಲ್ಲ ಅನ್ನಿಸಬಹುದು. ಆಮೇಲೆ ದಿನಕ್ಕೆ 40 ಮಿಲಿಗ್ರಾಂ, ವಾರ ವಾರಕ್ಕೆ ಇಳಿಸುತ್ತಾ ಬಂದು ನಿಲ್ಲಿಸಿದೆವು.

ಜೊತೆಗೆ ರೋಗನಿರೋಧಕ ಶಕ್ತಿ ತಗ್ಗಿಸುವ ಇನ್ನೊಂದು ಮಾತ್ರೆ, ಅಜಥಯೋಪ್ರಿನ್. ಏಷ್ಯಾದ ಜನರಲ್ಲಿ ಎನ್‌ಯುಡಿಟಿ15 ಅನ್ನುವ ಜೀನ್‌ನ ಒಂದು ರೂಪ ಇದ್ದವರಿಗೆ ಈ ಔಷಧಿಯಿಂದ ಬಿಳಿ ರಕ್ತಕಣ ದಿಢೀರ್ ಕುಸಿಯುತ್ತದೆ, ಕೂದಲು ಉದುರುತ್ತದೆ. ಇದು ಗೊತ್ತಾದದ್ದು 2014ರಲ್ಲಿ. ಆತನಿಗೆ ಜೀನ್ ಪರೀಕ್ಷೆಯ ಖರ್ಚು ಜಾಸ್ತಿ ಅನ್ನಿಸಿತು. ಸಣ್ಣ ಡೋಸ್‌ನಿಂದ ಶುರು ಮಾಡಿ ಮೊದಲ ತಿಂಗಳು ವಾರಕ್ಕೊಂದು ರಕ್ತ ಪರೀಕ್ಷೆ ಮಾಡಿದೆವು. ಬಾಚಣಿಗೆಯಲ್ಲಿ ಕೂದಲು ಜಾಸ್ತಿ ಕಂಡರೆ ಮಾತ್ರೆ ನಿಲ್ಲಿಸಿ ಫೋನ್ ಮಾಡು ಅಂತ ಹೇಳಿದ್ದೆ. ತೊಂದರೆ ಆಗಲಿಲ್ಲ. ಫಿಸ್ಟುಲಾ ಇರುವುದರಿಂದ ಟಿಎನ್‌ಎಫ್ ತಡೆಯುವ ಅಡಲಿಮುಮ್ಯಾಬ್‌ನಿಂದಲೇ ಶುರು ಮಾಡೋಣ ಅನ್ನುವುದು ತಜ್ಞರ ಮೊದಲ ಆಸೆ. ದುಡ್ಡಿನ ವಿಚಾರ ಮಾತಾಡಿದ ಮೇಲೆ ಆರು ತಿಂಗಳು ಅಜಥಯೋಪ್ರಿನ್ ನೋಡಿ ಮರುಪರೀಕ್ಷೆ ಅಂತ ಆಯಿತು. ಆ ತಾರೀಕನ್ನೂ ಫೈಲಿನ ಮೇಲೆ ಬರೆದೆವು.

ಬೀಡಿ ನಿಂತದ್ದು ಈ ಹಂತದಲ್ಲಿ. ಧೂಮಪಾನ ಕ್ರೋನ್ಸ್ ಅನ್ನು ಕೆರಳಿಸುತ್ತದೆ, ಆಪರೇಷನ್ ಸಾಧ್ಯತೆ ಹೆಚ್ಚಿಸುತ್ತದೆ ಅನ್ನುವುದು ಚೆನ್ನಾಗಿ ಗೊತ್ತಿರುವ ಸಂಗತಿ. "ಬಿಟ್ರೆ ಇಂಜೆಕ್ಷನ್ ಖರ್ಚು ತಪ್ಪಬಹುದು" ಅಂತ ನಾನಂದದ್ದು ಆತನಿಗೆ ನಾಟಿತು. ಕ್ಯಾನ್ಸರ್ ಭಯ ಹಾಕಿದಾಗ ನಾಟಿರಲಿಲ್ಲ.

ಒಳ್ಳೆ ಬ್ಯಾಕ್ಟೀರಿಯಾ, ಮುದ್ದೆ, ಅವರೆಕಾಳು

ಮೊಬೈಲ್‌ನಲ್ಲಿ ನೋಡಿ ಮೈಕ್ರೊಬಯೋಮ್ ಕಿಟ್ ತರಿಸುವ ಯೋಚನೆ ಆತನಿಗಿತ್ತು. ಮಲ ಕಳಿಸಿದರೆ ಯಾವ ಬ್ಯಾಕ್ಟೀರಿಯಾ ಕಮ್ಮಿ ಅಂತ ಹೇಳಿ, ಅದಕ್ಕೆ ತಕ್ಕ ಪುಡಿ ಕೊಡುತ್ತಾರಂತೆ. ಬೇಡ ಅಂದೆ. ಕ್ರೋನ್ಸ್ ಇರುವವರಲ್ಲಿ ಬ್ಯಾಕ್ಟೀರಿಯಾಗಳ ಸಮತೋಲ ಕೆಟ್ಟಿರುವುದು ನಿಜ. ಉದಾಹರಣೆಗೆ ಫೀಕಲಿಬ್ಯಾಕ್ಟೀರಿಯಂ ಪ್ರಾಸ್ನಿಟ್ಜಿ ಅನ್ನುವುದು ಅವರಲ್ಲಿ ಕಮ್ಮಿ ಅಂತ 2008ರಲ್ಲೇ ಪ್ರಕಟವಾಗಿದೆ. ಅದು ನಾರಿನಂಶವನ್ನು ಹುದುಗಿಸಿ ಬ್ಯುಟಿರೇಟ್ ಮಾಡುತ್ತದೆ. ದೊಡ್ಡ ಕರುಳಿನ ಕೋಶಗಳಿಗೆ ಅದೇ ಮುಖ್ಯ ಆಹಾರ. ಆದರೆ ಕಮ್ಮಿ ಇದೆ ಅಂತ ಗೊತ್ತಾಗುವುದು ಬೇರೆ, ಪುಡಿಯಿಂದ ತುಂಬಿಸಿ ಕಾಯಿಲೆ ಇಳಿಸುವುದು ಬೇರೆ. ಕ್ರೋನ್ಸ್‌ಗೆ ಇಂಥ ಒಳ್ಳೆ ಬ್ಯಾಕ್ಟೀರಿಯಾದ ಪುಡಿಯಿಂದ (ಪ್ರೊಬಯೋಟಿಕ್) ಪ್ರಯೋಜನ ಇದೆ ಅನ್ನೋಕೆ ಗಟ್ಟಿ ಆಧಾರ ಇಲ್ಲ. ಮನೆಯ ಮಜ್ಜಿಗೆ ಒಗ್ಗಿದರೆ ಕುಡಿಯಲಿ, ಊಟ ಅಂತ. ಔಷಧಿ ಅಂತಲ್ಲ. ಆ ದುಡ್ಡಲ್ಲಿ ಎರಡು ಸಲ ಕ್ಯಾಲ್‌ಪ್ರೊಟೆಕ್ಟಿನ್ ಮಾಡಿಸಬಹುದು, ಅಲ್ವಾ?

ಆತ ವರ್ಷದಿಂದ ಮುದ್ದೆ ಬಿಟ್ಟಿದ್ದ. "ಜೀರ್ಣ ಆಗಲ್ಲ" ಅಂತ ಯಾರೋ ಹೇಳಿ, ಬ್ರೆಡ್, ರಸ್ಕ್, ಬಿಳಿ ಅನ್ನದಲ್ಲೇ ಇದ್ದ. ಉರಿಯೂತ ತಗ್ಗಿದ ಮೇಲೆ ಅರ್ಧ ಮುದ್ದೆಯಿಂದ ಶುರು ಮಾಡಿಸಿದೆವು. ತೊಂದರೆ ಆಗಲಿಲ್ಲ.

ತೊಂದರೆ ಬಂದದ್ದು ಅವರೆಕಾಳಿನಿಂದ. ಆರು ತಿಂಗಳ ಮರುಪರೀಕ್ಷೆಯಲ್ಲಿ ಹುಣ್ಣುಗಳು ಬಹುಪಾಲು ಮಾಯ್ದಿದ್ದವು. ತೂಕ 57, ಹಿಮೋಗ್ಲೋಬಿನ್ 12ರ ಮೇಲೆ, ಕ್ಯಾಲ್‌ಪ್ರೊಟೆಕ್ಟಿನ್ 200ರ ಒಳಗೆ. ಆದರೆ ಸಣ್ಣ ಕರುಳು ಬಂದು ಸೇರುವ ಬಾಯಿ ಕಿರಿದಾಗಿತ್ತು. ಪೈಪ್ ಒಳಗೆ ಹೋಗಲಿಲ್ಲ. ಸರಿಯಾದ ಚಿಕಿತ್ಸೆ ಇಲ್ಲದೆ ಕಳೆದ ಕಾಲದ ಗುರುತು ಅದು. ಅದರಲ್ಲಿ ಮೆಟ್ರೊನಿಡಜೋಲ್‌ನ ವರ್ಷದ ಪಾಲೇ ದೊಡ್ಡದು. ಕ್ಷಯದ ಔಷಧಿಯ ಮೂರು ತಿಂಗಳದ್ದೂ ಇರಬಹುದು. ಆರು ತಿಂಗಳ ಪೂರ್ತಿ ಕೋರ್ಸ್ ನಡೆಸಿದ್ದರೆ ಬಾಯಿ ಇನ್ನಷ್ಟು ಕಿರಿದಾಗುವ ಸಂಭವ ಇತ್ತು. ತಾರೀಕು ಹಿಡಿದು ಪಟ್ಟು ಹಾಕಿದ್ದು ಅದಕ್ಕೇ.

ಅವರೆಕಾಯಿ ಕಾಲದಲ್ಲಿ ನೆಂಟರ ಮನೆಯಲ್ಲಿ ಸಿಪ್ಪೆ ಸಮೇತ ಕಾಳಿನ ಸಾರು ಎರಡು ಹೊತ್ತು ಊಟ ಮಾಡಿದ. ರಾತ್ರಿ ಹೊಟ್ಟೆ ಉಬ್ಬಿ ವಾಂತಿ. ಕಿರಿದಾದ ಜಾಗದಲ್ಲಿ ಸಿಪ್ಪೆ ಸಿಕ್ಕಿಕೊಂಡಿತ್ತು. ಬಾಯಿಗೆ ಏನೂ ಕೊಡದೆ ಡ್ರಿಪ್ ಹಾಕಿದ ಮೇಲೆ ಆಪರೇಷನ್ ಇಲ್ಲದೆ ಬಿಟ್ಟಿತು. ಅಮ್ಮ ಇನ್ನು ಅವರೆಕಾಳೇ ಬೇಡ ಅಂದರು. ಅಷ್ಟು ಕಟ್ಟುನಿಟ್ಟು ಬೇಕಿಲ್ಲ, ಹಿತಕಿದ ಬೇಳೆ ಮಾಡಿಕೊಡಿ ಅಂದೆ. ಸಿಪ್ಪೆ ತೆಗೆದ ಕಾಳು ಚೆನ್ನಾಗಿ ಬೆಂದಿದ್ದರೆ ಹಾದುಹೋಗುತ್ತದೆ. ಮುದ್ದೆ ನುಣ್ಣಗಿರುವುದರಿಂದ ಪರವಾಗಿಲ್ಲ. ಕಬ್ಬು, ಕಿತ್ತಳೆಯ ತೊಳೆಯ ಸಿಪ್ಪೆ, ಜೋಳದ ತೆನೆ, ಒಣಕೊಬ್ಬರಿಯ ತುಂಡು ಬೇಡ. ಕೊನೆಯದನ್ನು ಕೇಳಿ ಆತ ನಕ್ಕ. ದಿನವಿಡೀ ಗಾಡಿ ತುಂಬ ಇರುವುದು ಅದೇ, ಹಸಿವಾದಾಗ ಬಾಯಿಗೆ ಹಾಕಿಕೊಳ್ಳುತ್ತಿದ್ದದ್ದೂ ಅದೇ.

ಈಗ ಎಲ್ಲಿದೆ

ಮನೆಯಲ್ಲಿ ಹೆಣ್ಣು ನೋಡುತ್ತಿದ್ದಾರೆ. ಒಂದು ಸಂಬಂಧ ಕ್ಷಯದ ಸುದ್ದಿ ಕೇಳಿ ಹಿಂದೆ ಸರಿಯಿತು. ಕ್ಷಯ ಅಲ್ಲ, ಅಂಟುವ ಕಾಯಿಲೆ ಅಲ್ಲ ಅಂತ ಚೀಟಿ ಬರೆದುಕೊಡಿ ಅಂತ ತಾಯಿ ಕೇಳಿದರು. ಕೊಟ್ಟೆ. ಜೊತೆಗೆ, ಮುಚ್ಚಿಟ್ಟು ಮದುವೆ ಮಾಡಬೇಡಿ, ದಿನದ ಮಾತ್ರೆ ಕಣ್ಣಿಗೆ ಬೀಳದೆ ಇರುವುದಿಲ್ಲ ಅಂತಲೂ ಹೇಳಿದೆ. ಅಜಥಯೋಪ್ರಿನ್ ತೆಗೆದುಕೊಳ್ಳುವ ಗಂಡಸು ತಂದೆಯಾಗುವುದಕ್ಕೆ ಅಡ್ಡಿ ಇಲ್ಲ. ಮಕ್ಕಳಿಗೆ ಈ ಕಾಯಿಲೆ ಬರುವ ಸಾಧ್ಯತೆ ಉಳಿದವರಿಗಿಂತ ಜಾಸ್ತಿ. ಹಾಗಂತ ಬಹುಪಾಲು ಮಕ್ಕಳಿಗೆ ಬರುವುದಿಲ್ಲ.

ಫಿಸ್ಟುಲಾ ಒಣಗಿದೆ. ಟೆಂಪೊ ಓಡಿಸುತ್ತಿದ್ದಾನೆ, ಆದರೆ ರಾತ್ರಿ ಲೋಡ್ ಒಪ್ಪಿಕೊಳ್ಳುವುದಿಲ್ಲ. ದಾರಿಯಲ್ಲಿ ಯಾವ ಪೆಟ್ರೋಲ್ ಬಂಕಿನ ಶೌಚಾಲಯ ತೆರೆದಿರುತ್ತದೆ ಅಂತ ಗೊತ್ತು ಮಾಡಿಕೊಂಡಿದ್ದಾನೆ. ಉಳಿದಿರುವುದು ಆ ಕಿರಿದಾದ ಬಾಯಿಯ ಪ್ರಶ್ನೆ. ಅದಕ್ಕೆ ಎಂಆರ್ ಎಂಟರೋಗ್ರಫಿ (ಸಣ್ಣ ಕರುಳಿನ ಎಂಆರ್‌ಐ) ತಾರೀಕು ಬರೆದಿದೆ. ಅಲ್ಲಿ ಇನ್ನೂ ಉರಿಯೂತ ಕಂಡರೆ ಅಡಲಿಮುಮ್ಯಾಬ್‌ಗೆ ಹೋಗುತ್ತೇವೆ, ಅದಕ್ಕಾಗಿ ಭಾವ ಈಗಲೇ ಚೀಟಿ ಹಾಕಿದ್ದಾರೆ. ಬರೀ ಗಾಯದ ಕಲೆ ಅಂತಾದರೆ ಬಲೂನ್‌ನಿಂದ ಹಿಗ್ಗಿಸಲು ಆಗುತ್ತದಾ ಅಂತ ತಜ್ಞರು ನೋಡುತ್ತಾರೆ.